ಮಕ್ಕಳ ಸಿಟಿ ಸ್ಕ್ಯಾನ್: ವಿಕಿರಣ ಎಷ್ಟು, ತಗ್ಗಿಸುವುದು ಹೇಗೆ?

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನಮ್ಮದು ಸಕಲೇಶಪುರದ ಹತ್ತಿರದ ಹಳ್ಳಿ. ಆರು ವರ್ಷದ ಮಗ ಕಳೆದ ತಿಂಗಳು ಕಾಫಿ ಕಣದ ತಡೆಗೋಡೆಯ ಮೇಲಿಂದ, ಆಳೆತ್ತರಕ್ಕಿಂತ ಹೆಚ್ಚು ಎತ್ತರದಿಂದ, ತಲೆ ಕೆಳಗಾಗಿ ಬಿದ್ದು ಮೂರು ಬಾರಿ ವಾಂತಿ ಮಾಡಿಕೊಂಡ. ಹಾಸನಕ್ಕೆ ಕರೆದೊಯ್ದಾಗ ತಲೆಯ ಸಿಟಿ ಸ್ಕ್ಯಾನ್ ಮಾಡಿ ತೊಂದರೆಯಿಲ್ಲ ಎಂದರು. ಈಗ ಆಗಾಗ ತಲೆನೋವು ಎನ್ನುತ್ತಾನೆ. ಮಂಗಳೂರಿನ ಬಂಧುಗಳು ಅಲ್ಲಿಗೆ ಬಂದು ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ ಎನ್ನುತ್ತಾರೆ. ನಮ್ಮ ಭಾವನವರು, ಒಂದು ಸಿಟಿ ನೂರು ಎಕ್ಸ್‌-ರೇಗೆ ಸಮ, ಮಗುವಿಗೆ ಮುಂದೆ ಕ್ಯಾನ್ಸರ್ ಬರುತ್ತದೆ, ಮೊದಲನೆಯದನ್ನೇ ಮಾಡಿಸಬಾರದಿತ್ತು ಎನ್ನುತ್ತಾರೆ. ನಾವು ತಪ್ಪು ಮಾಡಿದೆವೇ?

ಉತ್ತರ: ನೀವು ತಪ್ಪು ಮಾಡಿಲ್ಲ. ಅಷ್ಟು ಎತ್ತರದಿಂದ ಬಿದ್ದು ವಾಂತಿಯನ್ನೂ ಮಾಡಿಕೊಂಡ ಮಗುವಿನ ತಲೆಯೊಳಗೆ ರಕ್ತಸ್ರಾವವಾಗಿದೆಯೇ ಎಂಬುದನ್ನು ಕೆಲವೇ ನಿಮಿಷಗಳಲ್ಲಿ ತಿಳಿಸಬಲ್ಲ ಪರೀಕ್ಷೆ ಸಿಟಿಯೇ. ಅಮೆರಿಕದ 25 ತುರ್ತು ಚಿಕಿತ್ಸಾ ವಿಭಾಗಗಳಿಗೆ ಬಂದ 42 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎರಡು ವರ್ಷ ತುಂಬಿದ ಮಕ್ಕಳಲ್ಲಿ ಐದು ಅಡಿಗಿಂತ ಹೆಚ್ಚಿನ ಎತ್ತರದಿಂದ ಬೀಳುವುದು, ವಾಂತಿ, ಪ್ರಜ್ಞೆ ತಪ್ಪುವುದು, ಮಂಕಾಗಿರುವುದು, ತೀವ್ರವಾದ ತಲೆನೋವು, ತಲೆಬುರುಡೆಯ ತಳ ಮುರಿದಿರುವ ಲಕ್ಷಣ ಮುಂತಾದವನ್ನು ಎಚ್ಚರಿಕೆಯ ಸೂಚನೆಗಳೆಂದು ಗುರುತಿಸಿತು. ಇವುಗಳಲ್ಲಿ ಒಂದೂ ಇಲ್ಲದ ಮಗುವಿಗೆ ಸಾಮಾನ್ಯವಾಗಿ ಸ್ಕ್ಯಾನ್ ಬೇಕಾಗುವುದಿಲ್ಲ. ಮಂಕಾಗಿರುವುದು ಅಥವಾ ತಲೆಬುರುಡೆಯ ತಳ ಮುರಿದಿರುವ ಲಕ್ಷಣ ಕಂಡರೆ ಸ್ಕ್ಯಾನ್ ಬೇಕು; ಉಳಿದವುಗಳಲ್ಲಿ ಒಂದೇ ಇದ್ದಾಗ ಕೆಲವು ಗಂಟೆ ಆಸ್ಪತ್ರೆಯಲ್ಲಿ ಇರಿಸಿಕೊಂಡು ನೋಡಿದರೆ ಎಷ್ಟೋ ವೇಳೆ ಸಾಕು. ನಿಮ್ಮ ಮಗನಲ್ಲಿ ಎರಡಿದ್ದವು.

ಭಾವನವರ ಲೆಕ್ಕ ತಪ್ಪಲ್ಲ, ಅದರಿಂದ ಅವರು ತೆಗೆದ ತೀರ್ಮಾನ ತಪ್ಪು. ಎದೆಯ ಒಂದು ಎಕ್ಸ್‌-ರೇಯಲ್ಲಿ ತಗಲುವ ವಿಕಿರಣ ಸುಮಾರು 0.02 ಮಿಲಿಸೀವರ್ಟ್ (ಶರೀರಕ್ಕೆ ತಗಲುವ ವಿಕಿರಣವನ್ನು ಅಳೆಯುವ ಮಾನ), ತಲೆಯ ಸಿಟಿಯಲ್ಲಿ ಸುಮಾರು 2. ನೂರು ಪಟ್ಟು ಎನ್ನುವುದು ನಿಜ. ಆದರೆ ಮಣ್ಣು, ಕಲ್ಲು, ಗಾಳಿ, ಆಹಾರ ಮತ್ತು ಬಾಹ್ಯಾಕಾಶದಿಂದ ಯಾವ ಪರೀಕ್ಷೆಯನ್ನೂ ಮಾಡಿಸಿಕೊಳ್ಳದ ಮನುಷ್ಯನಿಗೂ ಜಗತ್ತಿನ ಸರಾಸರಿಯಂತೆ ವರ್ಷಕ್ಕೆ 2.4 ಮಿಲಿಸೀವರ್ಟ್ ತಗಲುತ್ತಲೇ ಇರುತ್ತದೆ. ಬ್ರಿಟನ್ನಿನಲ್ಲಿ ಬಾಲ್ಯ ಮತ್ತು ಯೌವನದಲ್ಲಿ ಸಿಟಿ ಮಾಡಿಸಿಕೊಂಡವರನ್ನು ವರ್ಷಗಟ್ಟಲೆ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ಹತ್ತು ವರ್ಷದೊಳಗಿನ 10,000 ಮಕ್ಕಳಿಗೆ ಒಂದೊಂದು ಬಾರಿ ತಲೆಯ ಸಿಟಿ ಮಾಡಿದರೆ, ಮುಂದಿನ ಹತ್ತು ವರ್ಷಗಳಲ್ಲಿ ಒಂದು ರಕ್ತದ ಕ್ಯಾನ್ಸರ್ ಮತ್ತು ಒಂದು ಮಿದುಳಿನ ಗೆಡ್ಡೆ ಹೆಚ್ಚಾಗಿ ಕಾಣಿಸಿಕೊಳ್ಳಬಹುದು. ಒಂದು ಮಗುವಿನ ಮಟ್ಟಿಗೆ ಇದು ಬಹಳ ಸಣ್ಣ ಅಪಾಯ. ಆದರೂ ಇದನ್ನು ಶೂನ್ಯವೆಂದು ನಾನು ಹೇಳಲಾರೆ. ಬೆಳೆಯುವ ಮಕ್ಕಳ ಜೀವಕೋಶಗಳು ವೇಗವಾಗಿ ವಿಭಜನೆಯಾಗುತ್ತಿರುತ್ತವೆ, ಮುಂದೆ ಬಾಳಬೇಕಾದ ವರ್ಷಗಳೂ ಹೆಚ್ಚು. ಆದ್ದರಿಂದ ಬೇಡದ ಸ್ಕ್ಯಾನ್ ಒಂದನ್ನೂ ಮಾಡಬಾರದು.

ನಿಮ್ಮ ನಿಜವಾದ ಪ್ರಶ್ನೆ ಎರಡನೆಯ ಸ್ಕ್ಯಾನಿನದು. ಮೊದಲು ಮಕ್ಕಳ ತಜ್ಞರು ಅವನನ್ನು ಕೂರಿಸಿಕೊಂಡು ಪರೀಕ್ಷಿಸಲಿ. ತಲೆಗೆ ಪೆಟ್ಟಾದ ಮೇಲೆ ಕೆಲವು ವಾರ ಆಗಾಗ ತಲೆನೋವು ಬರುವುದು ಅಪರೂಪವಲ್ಲ. ನೋವು ದಿನೇ ದಿನೇ ಏರುತ್ತಿದ್ದರೆ, ಮತ್ತೆ ವಾಂತಿ, ತೂಕಡಿಕೆ, ಫಿಟ್ಸ್, ಕೈಕಾಲಿನ ಸೋಲು ಅಥವಾ ನಡಿಗೆಯಲ್ಲಿ ತೂರಾಟ ಕಂಡರೆ ಮಾತ್ರ ವಿಕಿರಣದ ಯೋಚನೆ ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಿ. ಮಂಗಳೂರಿಗೇ ಹೋಗುವುದಾದರೆ ಹಾಸನದ ಸ್ಕ್ಯಾನಿನ ರಿಪೋರ್ಟ್ ಹಾಳೆಯೊಂದು ಸಾಲದು, ಚಿತ್ರಗಳೆಲ್ಲ ಇರುವ ಸಿ.ಡಿ.ಯನ್ನೂ ಕೇಳಿ ಪಡೆದುಕೊಂಡು ಹೋಗಿ. ಶಿರಾಡಿ ಘಟ್ಟವನ್ನೋ ಚಾರ್ಮಾಡಿಯನ್ನೋ ಇಳಿದುಬಂದ ಮಗುವಿಗೆ, ಹಳೆಯ ಚಿತ್ರಗಳು ಕೈಗೆ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಅದೇ ಸ್ಕ್ಯಾನ್ ಮತ್ತೊಮ್ಮೆ ಆಗುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಯಾವ ಹೊಸ ಯಂತ್ರವೂ ಇಲ್ಲದೆ ನಮ್ಮ ಭಾಗದಲ್ಲಿ ಇಂದೇ ಉಳಿಸಬಹುದಾದ ವಿಕಿರಣ ಅದು.

ಪ್ರಶ್ನೆ: ನಾನು ಮೂಡಿಗೆರೆಯವನು. ಒಂಬತ್ತು ವರ್ಷದ ಮಗಳಿಗೆ ಹೊಟ್ಟೆನೋವು. ಅಪೆಂಡಿಕ್ಸ್ ಇರಬಹುದೆಂದು ಅಲ್ಟ್ರಾಸೌಂಡ್ ಮಾಡಿದರು, ಸ್ಪಷ್ಟವಾಗಲಿಲ್ಲ. ಚಿಕ್ಕಮಗಳೂರಿನಲ್ಲಿ ಸಿಟಿ ಮಾಡಿಸಿ ಎಂದಿದ್ದಾರೆ. ವಿಕಿರಣ ಕಡಿಮೆಯಾಗಲು ಅಲ್ಲಿ ಏನು ಕೇಳಬೇಕು? ಸೀಸದ ಹೊದಿಕೆ ಹಾಕಿಸಬಹುದೇ?

ಉತ್ತರ: ವಿಕಿರಣವಿಲ್ಲದ ಅಲ್ಟ್ರಾಸೌಂಡನ್ನು ಮೊದಲು ಮಾಡಿಸಿದ ನಿಮ್ಮ ವೈದ್ಯರ ಕ್ರಮ ಸರಿಯಾಗಿಯೇ ಇದೆ. ಕೆಲವೊಮ್ಮೆ ಕೆಲವು ಗಂಟೆಗಳ ನಂತರ ಮತ್ತೊಮ್ಮೆ ಪರೀಕ್ಷಿಸಿ, ಅಲ್ಟ್ರಾಸೌಂಡನ್ನೇ ಪುನಃ ಮಾಡಿದರೆ ವಿಷಯ ತಿಳಿಯಾಗುತ್ತದೆ. ಅಷ್ಟು ಕಾಯಬಹುದೇ ಎಂದು ವಿಚಾರಿಸಿ. ಕಾಯುವಂತಿಲ್ಲ ಎಂದರೆ ಸಿಟಿ ಆಗಲೇಬೇಕು, ಏಕೆಂದರೆ ಅಪೆಂಡಿಕ್ಸ್ ಒಡೆದರೆ ಆಗುವ ಕೇಡು ಈ ವಿಕಿರಣದ ಅಪಾಯಕ್ಕಿಂತ ಬಹಳ ದೊಡ್ಡದು.

ಸಿಟಿ ಕೋಣೆಯ ಟೆಕ್ನಿಷಿಯನ್ನರಿಗೆ ಮಗಳ ತೂಕವನ್ನು ಹೇಳಿ, ‘ಮಕ್ಕಳ ಪ್ರೋಟೋಕಾಲ್‌ನಲ್ಲಿ ಮಾಡುತ್ತೀರಾ?’ ಎಂದು, ಅಂದರೆ ಯಂತ್ರವನ್ನು ಮಗುವಿನ ಗಾತ್ರಕ್ಕೆ ಹೊಂದಿಸಿಕೊಳ್ಳುತ್ತೀರಾ ಎಂದು, ಕೇಳಿ. ಹೀಗೆ ಕೇಳುವುದು ಅಧಿಕಪ್ರಸಂಗವಲ್ಲ. ದೊಡ್ಡವರ ದಪ್ಪ ಹೊಟ್ಟೆಯನ್ನು ದಾಟಲು ಬೇಕಾಗುವಷ್ಟು ಕಿರಣ ಮಗುವಿನ ತೆಳು ಶರೀರಕ್ಕೆ ಬೇಕಿಲ್ಲ. ಹಾಗೆಯೇ ಬಿಟ್ಟರೆ ಒಳಗಿನ ಅಂಗಗಳಿಗೆ ದೊಡ್ಡವರಿಗಿಂತ ಹೆಚ್ಚೇ ತಗಲುತ್ತದೆ. ಎಕ್ಸ್‌-ರೇ ಟ್ಯೂಬಿನ ಕರೆಂಟನ್ನು ಅರ್ಧಕ್ಕೆ ಇಳಿಸಿದರೆ ವಿಕಿರಣವೂ ಅರ್ಧಕ್ಕೆ ಇಳಿಯುತ್ತದೆ. ಉಳಿದದ್ದನ್ನು ಬದಲಿಸದೆ ವೋಲ್ಟೇಜನ್ನು 120 ಕಿಲೋವೋಲ್ಟ್‌ನಿಂದ 80ಕ್ಕೆ ತಂದರೆ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಚಿತ್ರ ತುಸು ಮಚ್ಚೆಮಚ್ಚೆಯಾಗಿ ಕಾಣಬಹುದು, ಆದರೆ ರೋಗ ಗುರುತಿಸಲು ಸಾಕಾಗುವಷ್ಟು ಸ್ಪಷ್ಟತೆಯೇ ನಮಗೆ ಬೇಕಾದದ್ದು, ಅಂದವಲ್ಲ. ಇನ್ನೊಂದು ಮುಖ್ಯ ಸಂಗತಿ: ಚಿತ್ರದಲ್ಲಿ ಅಂಗಗಳು ಎದ್ದು ಕಾಣಲೆಂದು ಕೊಡುವ ಕಾಂಟ್ರಾಸ್ಟ್ ಔಷಧಿಯನ್ನು ಕೊಡುವುದಕ್ಕೆ ಮೊದಲೊಮ್ಮೆ, ಕೊಟ್ಟ ಮೇಲೊಮ್ಮೆ ಎಂದು ಎರಡು ಸುತ್ತು ಸ್ಕ್ಯಾನ್ ಮಾಡಿದರೆ ವಿಕಿರಣವೂ ಇಮ್ಮಡಿಯಾಗುತ್ತದೆ. ಇಂಥ ಹೊಟ್ಟೆನೋವಿಗೆ ಮಕ್ಕಳಲ್ಲಿ ಸಾಮಾನ್ಯವಾಗಿ ಔಷಧಿ ಕೊಟ್ಟ ನಂತರದ ಒಂದೇ ಸುತ್ತು ಸಾಕು.

ಸೀಸದ ಹೊದಿಕೆಗೆ ಒತ್ತಾಯಿಸಬೇಡಿ. ಸ್ಕ್ಯಾನ್ ಆಗುವ ಜಾಗದಲ್ಲಿ ಅದು ಇದ್ದರೆ, ಶರೀರದ ದಪ್ಪವನ್ನು ಅಳೆದು ಕಿರಣವನ್ನು ತಾನಾಗಿ ಹೊಂದಿಸಿಕೊಳ್ಳುವ ಯಂತ್ರ ಮೋಸಹೋಗಿ ಹೆಚ್ಚು ವಿಕಿರಣವನ್ನೇ ಬಿಡಬಹುದು. ಅದಕ್ಕಿಂತ ಮಗಳಿಗೆ ಮುಂಚೆಯೇ ವಿವರಿಸಿ, ಮೇಜಿನ ಮೇಲೆ ಅಲುಗಾಡದೆ ಮಲಗಿ ಉಸಿರು ಹಿಡಿಯುವುದನ್ನು ಮನೆಯಲ್ಲೇ ಆಟದಂತೆ ಕಲಿಸಿ. ಅವಳು ಅಲುಗಾಡಿ ಚಿತ್ರ ಕೆಟ್ಟರೆ ಮತ್ತೆ ತೆಗೆಯಬೇಕಾಗುತ್ತದೆ.

ಪ್ರಶ್ನೆ: ಮಗುವಿನ ಸಿಟಿ ನಡೆಯುವಾಗ ಗರ್ಭಿಣಿಯಾದ ತಾಯಿ ಜೊತೆಯಲ್ಲಿ ಇರಬಹುದೇ? (ಅರಸೀಕೆರೆಯಿಂದ ಒಬ್ಬ ಓದುಗರು)

ಉತ್ತರ: ಬೇಡ. ತಂದೆಯೋ ಅಜ್ಜಿಯೋ ಸೀಸದ ಏಪ್ರನ್ ತೊಟ್ಟು ಒಳಗೆ ನಿಲ್ಲಲಿ. ತಾಯಿ ಹೊರಗಿನಿಂದ, ಮೈಕಿನಲ್ಲಿ ಮಗುವನ್ನು ಮಾತನಾಡಿಸಲು ಆಗುವುದೇ ಎಂದು ಟೆಕ್ನಿಷಿಯನ್ನರನ್ನು ಕೇಳಿ ನೋಡಲಿ.