ರೋಗಿ ಎದುರಿಗಿದ್ದಾಗ ಎಲ್ಲಿ ಹುಡುಕಲಿ?

ಪ್ರಶ್ನೆ: ಹಳ್ಳಿಯ ಕ್ಲಿನಿಕ್‌ನಲ್ಲಿ ನಾನೊಬ್ಬಳೇ ವೈದ್ಯೆ. ಏನಾದರೂ ಅನುಮಾನ ಬಂದರೆ ಕೇಳಲು ಹತ್ತಿರದಲ್ಲಿ ಯಾರೂ ಇಲ್ಲ. ಗೂಗಲ್‌ನಲ್ಲಿ ಒಂದು ಕಡೆ ಔಷಧಿ ಕೊಡಬಹುದು ಅಂತಿರುತ್ತದೆ, ಇನ್ನೊಂದು ಕಡೆ ಬೇಡ ಅಂತ. ಪಬ್‌ಮೆಡ್ ತೆರೆದರೆ ರಾಶಿ ಲೇಖನ. ನೆಟ್‌ವರ್ಕ್ ಬೇರೆ ಕೈಕೊಡುತ್ತದೆ. ರೋಗಿಯ ಎದುರು ಮೊಬೈಲ್ ನೋಡಲೂ ಮುಜುಗರ. ಏನು ಮಾಡಲಿ?

ಉತ್ತರ: ಪಬ್‌ಮೆಡ್ ಒಳ್ಳೆಯದೇ, 1997ರಿಂದ ಎಲ್ಲರಿಗೂ ಉಚಿತ. ಆದರೆ ಅಲ್ಲಿರುವುದು ಸಂಶೋಧನಾ ಲೇಖನಗಳ ಪಟ್ಟಿ ಮತ್ತು ಸಾರಾಂಶ. ಹೊರಗೆ ಜನ ಕಾಯುತ್ತಿರುವಾಗ ಅದರ ತಂಟೆಗೆ ಹೋಗಬೇಡಿ. ರಾತ್ರಿ ಓದಿ. ಆಗಲೂ ಮೊದಲು ಕಾಕ್ರೇನ್ ಅನ್ನುವ ಸಂಸ್ಥೆಯ ವಿಮರ್ಶೆ ಇದೆಯಾ ನೋಡಿ. ಹಲವು ಅಧ್ಯಯನಗಳನ್ನು ಜರಡಿ ಹಿಡಿಯುವ ಕೆಲಸ ಅವರೇ ಮಾಡಿರುತ್ತಾರೆ.

ಹಗಲು ಬೇಕಾದದ್ದು ಒಂದು ಸಣ್ಣ ಪ್ರಶ್ನೆಗೆ ನೇರ ಉತ್ತರ. ಹಾಲುಣಿಸುವ ತಾಯಿಗೆ ಫಿಟ್ಸ್ ಮಾತ್ರೆ ಕೊಡಬೇಕು ಅಂದುಕೊಳ್ಳಿ. ಔಷಧಿ ಡಬ್ಬಿಯ ಚೀಟಿ ‘ವೈದ್ಯರನ್ನು ಕೇಳಿ’ ಅನ್ನುತ್ತದೆ. ವೈದ್ಯೆ ನೀವೇ ಅಲ್ವಾ! ಇಂಥ ಹೊತ್ತಿಗೆ ಲ್ಯಾಕ್ಟ್‌ಮೆಡ್ ಅನ್ನುವ ತಾಣ ಇದೆ, ದುಡ್ಡು ಕೊಡಬೇಕಿಲ್ಲ. ಔಷಧಿಯ ಹೆಸರು ಹಾಕಿದರೆ, ಹಾಲಿಗೆ ಎಷ್ಟು ಸೇರುತ್ತದೆ, ಮಕ್ಕಳಲ್ಲಿ ಯಾವ ತೊಂದರೆ ವರದಿಯಾಗಿದೆ, ಬದಲಿಗೆ ಯಾವ ಔಷಧಿ ನೋಡಬಹುದು ಎಲ್ಲವೂ ಒಂದೇ ಪುಟದಲ್ಲಿ ಸಿಗುತ್ತದೆ. ಕೊನೆಯ ಸಲ ಯಾವಾಗ ಪರಿಷ್ಕರಿಸಿದ್ದಾರೆ ಅಂತಲೂ ನೋಡಿ. ಈ ಅಭ್ಯಾಸ ಎಲ್ಲ ತಾಣಕ್ಕೂ ಒಳ್ಳೆಯದು. ವಾಟ್ಸ್‌ಆ್ಯಪ್‌ನಲ್ಲಿ ತಾರೀಕಿಲ್ಲದೆ, ಮೂಲವಿಲ್ಲದೆ ಓಡಾಡುವ ಚಿಕಿತ್ಸೆಯ ಚಾರ್ಟ್‌ಗಳನ್ನು ನಾನಂತೂ ತೆರೆಯದೆ ಅಳಿಸುತ್ತೇನೆ.

ನೆಟ್‌ವರ್ಕ್ ಇಲ್ಲದ ದಿನಕ್ಕೆ ಎಂಎಸ್‌ಎಫ್ (ಗಡಿಗಳಿಲ್ಲದ ವೈದ್ಯರು) ಸಂಸ್ಥೆಯ ಮಾರ್ಗಸೂಚಿ ಆ್ಯಪ್ ಇಳಿಸಿಕೊಳ್ಳಿ. ಅದೂ ಉಚಿತ, ಒಮ್ಮೆ ಇಳಿಸಿದರೆ ಇಂಟರ್ನೆಟ್ ಬೇಕಿಲ್ಲ. ದೊಡ್ಡ ಲ್ಯಾಬ್ ಇಲ್ಲದ ಜಾಗದಲ್ಲಿ ದುಡಿಯುವವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಮಕ್ಕಳ ತೂಕಕ್ಕೆ ತಕ್ಕ ಡೋಸ್ ಕೂಡ ಇದೆ. ನಿಮ್ಮ ಸರ್ಕಾರದ ಮಾರ್ಗಸೂಚಿ ಬೇರೆ ಔಷಧಿ ಹೇಳಿದ್ದರೆ ಅದಕ್ಕೇ ಮೊದಲ ಮಣೆ. ಆಯಾ ಪ್ರದೇಶದಲ್ಲಿ ಯಾವ ಆ್ಯಂಟಿಬಯಾಟಿಕ್‌ಗೆ ರೋಗಾಣು ಜಗ್ಗುವುದಿಲ್ಲ ಅನ್ನುವುದು ಬೇರೆ ಬೇರೆ ಇರುತ್ತದೆ.

ಇನ್ನು ಮುಜುಗರದ ವಿಷಯ. ‘ಡೋಸ್ ಒಮ್ಮೆ ಸರಿ ನೋಡ್ಕೋತೀನಿ ತಾಯಿ’ ಅಂತ ಬಾಯಿಬಿಟ್ಟು ಹೇಳಿ, ಆಮೇಲೆ ಮೊಬೈಲ್ ತೆಗೆಯಿರಿ. ಸುಮ್ನೆ ಮೇಜಿನ ಕೆಳಗೆ ಇಣುಕಿದರೆ ಮೆಸೇಜ್ ಓದುತ್ತಿದ್ದೀರಿ ಅಂತಲೇ ಅವರು ಅಂದುಕೊಳ್ಳುವುದು.