ಸಂಪಾದಕರ ಉತ್ತರ: ನೇತಾಜಿಯವರ ಸಾವನ್ನು ನಾವೇಕೆ ಒಪ್ಪಲಿಲ್ಲ?

ಮಾನ್ಯರೇ,

ಸುಭಾಷ್‌ಚಂದ್ರ ಬೋಸರು 1945ರ ಆಗಸ್ಟ್ 18ರಂದು ತೈಹೊಕುವಿನಲ್ಲಿ, ಅಂದರೆ ಇಂದಿನ ತೈಪೆಯಲ್ಲಿ, ತೀರಿಕೊಂಡರು ಎಂದು ಕಳೆದ ಸಂಚಿಕೆಯ ಲೇಖನವೊಂದರಲ್ಲಿ ಬಂದ ಸಾಲನ್ನು ಆಕ್ಷೇಪಿಸಿ ತಾವು ಬರೆದ ದೀರ್ಘ ಪತ್ರ ತಲುಪಿದೆ. ವಿಮಾನ ಅಪಘಾತವೇ ನಡೆಯಲಿಲ್ಲ, ನೇತಾಜಿ ಸೋವಿಯತ್ ರಷ್ಯಾ ಸೇರಿದರು, ಮುಂದೆ ಫೈಜಾಬಾದಿನಲ್ಲಿ ಸಾಧುವಾಗಿ ಬಾಳಿದರು, ಇದನ್ನು ಬಲ್ಲ ಸರ್ಕಾರಗಳೆಲ್ಲ ಸತ್ಯವನ್ನು ಮುಚ್ಚಿಟ್ಟವು ಎಂಬುದು ತಮ್ಮ ವಾದ. ಇದೆಲ್ಲ ಸುಳ್ಳಾಗಿದ್ದರೆ ಇಷ್ಟೊಂದು ಜನ ಇಷ್ಟು ವರ್ಷ ನಂಬಿಕೊಂಡು ಬಂದದ್ದೇಕೆ ಎಂದು ಕೊನೆಯಲ್ಲಿ ಕೇಳಿದ್ದೀರಿ. ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಈ ಪ್ರಶ್ನೆಯೇ ಆದ್ದರಿಂದ ಅದರಿಂದಲೇ ಆರಂಭಿಸುತ್ತೇನೆ.

ನಂಬಿದವರನ್ನು ಮೂಢರೆಂದು ತಳ್ಳಿಹಾಕುವುದು ಅನ್ಯಾಯ. 1941ರ ಜನವರಿಯಲ್ಲಿ ಪೊಲೀಸರ ಕಾವಲಿದ್ದ ಕಲ್ಕತ್ತೆಯ ಮನೆಯಿಂದ ಬೋಸರು ಮಹಮ್ಮದ್ ಜಿಯಾವುದ್ದೀನ್ ಎಂಬ ಹೆಸರಿನಲ್ಲಿ ಹೊರಬಿದ್ದರು. ಕಾಬೂಲಿನಿಂದ ಮುಂದಕ್ಕೆ ಒರ್ಲಾಂಡೊ ಮಜೊಟ್ಟಾ ಎಂಬ ಇಟಲಿಯವನಾಗಿ ಬರ್ಲಿನ್ ತಲುಪಿದರು. 1943ರಲ್ಲಿ ಜರ್ಮನಿಯ ಜಲಾಂತರ್ಗಾಮಿಯಿಂದ ನಡುಸಮುದ್ರದಲ್ಲಿ ಜಪಾನಿನ ಜಲಾಂತರ್ಗಾಮಿಗೆ ದಾಟಿ ಏಷ್ಯಾಕ್ಕೆ ಮರಳಿದರು. ಇದರ ನಡುವೆ, 1942ರ ಮಾರ್ಚ್‌ನಲ್ಲಿ, ಅವರು ವಿಮಾನ ಅಪಘಾತದಲ್ಲಿ ಸತ್ತರೆಂಬ ಸುದ್ದಿ ಹಬ್ಬಿತ್ತು. ಗಾಂಧೀಜಿಯವರು ಬೋಸರ ತಾಯಿಗೆ ಸಂತಾಪದ ತಂತಿ ಕಳುಹಿಸಿದ್ದೂ ಆಗಿತ್ತು, ಆಮೇಲೆ ಸುದ್ದಿ ಸುಳ್ಳೆಂದು ತಿಳಿದದ್ದೂ ಆಗಿತ್ತು. ಮೂರು ವರ್ಷಗಳ ನಂತರ ಮತ್ತೆ ಅದೇ ಬಗೆಯ ಸುದ್ದಿ, ಅದೂ ಸೋತು ಶರಣಾದ ಜಪಾನಿನಿಂದ ಬಂದಾಗ, ಇದೂ ಇನ್ನೊಂದು ವೇಷವೇ ಇರಬೇಕೆಂದು ಜನ ತರ್ಕಿಸಿದರೆ ಆ ತರ್ಕಕ್ಕೆ ಅನುಭವದ ಆಧಾರವಿತ್ತು.

ಸತ್ತವನು ಸನ್ಯಾಸಿಯಾಗಿ ಮರಳುವುದಂತೂ ಬಂಗಾಳಕ್ಕೆ ಬರಿಯ ಕಥೆಯಾಗಿರಲಿಲ್ಲ. 1909ರಲ್ಲಿ ಡಾರ್ಜಿಲಿಂಗಿನಲ್ಲಿ ತೀರಿಕೊಂಡು ದಹನವೂ ಆದನೆಂದು ಎಲ್ಲರೂ ತಿಳಿದಿದ್ದ ಭಾವಲ್ ಜಮೀನ್ದಾರಿಯ ರಾಜಕುಮಾರ ತಾನೇ ಎಂದು ಹೇಳಿಕೊಂಡ ಸನ್ಯಾಸಿಯೊಬ್ಬ 1921ರಲ್ಲಿ ಢಾಕಾದಲ್ಲಿ ಕಾಣಿಸಿಕೊಂಡಿದ್ದ. ಅವನ ದಾವೆ ವರ್ಷಗಟ್ಟಲೆ ನಡೆದು, ಕೆಳಗಿನ ನ್ಯಾಯಾಲಯದಿಂದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಏರಿ, 1946ರ ಜುಲೈನಲ್ಲಿ ಅಂತಿಮವಾಗಿ ಅವನ ಪರವಾಗಿಯೇ ತೀರ್ಮಾನವಾಯಿತು. ನೇತಾಜಿಯವರ ಸಾವಿನ ಸುದ್ದಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಚಿತೆಯೇರಿದನೆಂದು ನಂಬಲಾಗಿದ್ದವನು ಸಾಮ್ರಾಜ್ಯದ ಅತ್ಯುನ್ನತ ನ್ಯಾಯಪೀಠದ ಮುಂದೆ ಗೆದ್ದುದನ್ನು ಪತ್ರಿಕೆಗಳಲ್ಲಿ ಓದಿದ ಜನಕ್ಕೆ, 1960ರ ದಶಕದಲ್ಲಿ ಉತ್ತರ ಬಂಗಾಳದ ಶೌಲಮಾರಿ ಆಶ್ರಮದ ಸಾಧುವಿನಲ್ಲಿ, ಆಮೇಲೆ 1985ರಲ್ಲಿ ತೀರಿಕೊಂಡ ಫೈಜಾಬಾದಿನ ಗುಮ್ನಾಮಿ ಬಾಬಾರಲ್ಲಿ ನೇತಾಜಿ ಕಂಡದ್ದು ಆಶ್ಚರ್ಯವಲ್ಲ.

ಇನ್ನು ಸರ್ಕಾರಗಳ ಪಾಲು. ಗುಪ್ತಚರ ಇಲಾಖೆ 1948ರಿಂದ 1968ರವರೆಗೆ ಬೋಸ್ ಕುಟುಂಬದವರ ಮೇಲೆ ಕಣ್ಣಿಟ್ಟಿತ್ತೆಂಬುದು 2015ರಲ್ಲಿ ಬಯಲಾಯಿತು. ಪಶ್ಚಿಮ ಬಂಗಾಳ ಸರ್ಕಾರ 64 ಕಡತಗಳನ್ನು ಹೊರಹಾಕಿದ್ದು ಅದೇ ವರ್ಷ. ಕೇಂದ್ರ ಸರ್ಕಾರ ತನ್ನ ಮೊದಲ ನೂರು ಕಡತಗಳನ್ನು ಬಿಡುಗಡೆ ಮಾಡಿದ್ದು 2016ರ ಜನವರಿ 23ರಂದು. ಸ್ವತಂತ್ರ ದೇಶವೊಂದು ತನ್ನ ನಾಯಕನ ಕುರಿತ ಕಾಗದಗಳನ್ನು ಏಳು ದಶಕ ಬೀಗಹಾಕಿಟ್ಟಿತು. ಅನುಮಾನ ಬೆಳೆಯಲು ಇದಕ್ಕಿಂತ ಹದವಾದ ನೆಲ ಬೇಕಿರಲಿಲ್ಲ. ಈ ವಿಷಯದಲ್ಲಿ ತಮ್ಮ ಸಿಟ್ಟಿನಲ್ಲಿ ನಾನೂ ಪಾಲುದಾರ.

ಆದರೂ ಗೋಪ್ಯತೆಯೊಂದರಿಂದಲೇ ಇಂಥ ನಂಬಿಕೆ ಇಷ್ಟು ಕಾಲ ಬಾಳದು. ಸೈನ್ಯ ಕಟ್ಟಿ ಸಾಮ್ರಾಜ್ಯವನ್ನು ಎದುರಿಸಿದ ಮನುಷ್ಯ, ಹೊರೆ ಹೆಚ್ಚಾದ ಬಾಂಬರ್ ವಿಮಾನವೊಂದು ಮೇಲೇರಿದ ಕೆಲವೇ ಕ್ಷಣಗಳಲ್ಲಿ ಪ್ರೊಪೆಲ್ಲರ್ ಕಳಚಿ ಬಿದ್ದಾಗ, ಮೈಮೇಲೆ ಚೆಲ್ಲಿದ ಇಂಧನಕ್ಕೆ ಬೆಂಕಿ ಹತ್ತಿ, ಆ ರಾತ್ರಿಯೇ ಸೇನಾ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟರೆಂಬುದನ್ನು ಮನಸ್ಸು ಒಪ್ಪದು. ನಷ್ಟ ದೊಡ್ಡದಾದಾಗ ಕಾರಣವೂ ಅಷ್ಟೇ ದೊಡ್ಡದಿರಬೇಕೆಂದು ಮನಸ್ಸು ಹಟ ಹಿಡಿಯುತ್ತದೆ. 1963ರಲ್ಲಿ ಹತ್ಯೆಯಾದ ಕೆನಡಿಯವರ ವಿಷಯದಲ್ಲಿ ಒಬ್ಬನೇ ಬಂದೂಕುಗಾರನ ಕೆಲಸವದು ಎಂಬುದನ್ನು ಅಮೆರಿಕದ ಬಹುಪಾಲು ಜನ ಒಪ್ಪದಿರುವುದಕ್ಕೂ ಇದೊಂದು ಕಾರಣ. ಪಿತೂರಿಯ ಕಥೆ ಸಾವಿಗೆ ಅರ್ಥ ಕೊಡುತ್ತದೆ, ಹೊಣೆಗಾರರನ್ನು ತೋರಿಸುತ್ತದೆ, ಕೇಳುವವನಿಗೆ ಸತ್ಯ ಬಲ್ಲ ಕೆಲವರಲ್ಲಿ ತಾನೂ ಒಬ್ಬನೆಂಬ ಗೌರವವನ್ನೂ ನೀಡುತ್ತದೆ. ನೇತಾಜಿಯವರ ವಿಷಯದಲ್ಲಿ ಇದೆಲ್ಲದರ ಬುಡದಲ್ಲಿ ಇರುವುದು ಪ್ರೀತಿ; ಅದನ್ನು ನಾನು ಎಂದೂ ಹಗುರವಾಗಿ ಕಾಣಲಾರೆ.

ಹಾಗಿದ್ದೂ ಆ ಸಾಲನ್ನು ಅಚ್ಚುಹಾಕಿದ್ದೇಕೆ? ಅದೇ ವಿಮಾನದಲ್ಲಿದ್ದು ಸುಟ್ಟಗಾಯಗಳೊಂದಿಗೆ ಬದುಕುಳಿದ ಕರ್ನಲ್ ಹಬೀಬುರ್ ರೆಹಮಾನ್, ಜೊತೆಗಿದ್ದ ಜಪಾನಿ ಅಧಿಕಾರಿಗಳು ಮತ್ತು ಚಿಕಿತ್ಸೆ ನೀಡಿದ ವೈದ್ಯ ಯೋಶಿಮಿಯವರ ಹೇಳಿಕೆಗಳು ವಿವರಗಳಲ್ಲಿ ಅಲ್ಲಲ್ಲಿ ಬೇರೆಯಾದರೂ ಮುಖ್ಯ ಸಂಗತಿಯಲ್ಲಿ ಒಂದೇ ಆಗಿವೆ. ಈ ಸಾವಿನ ತನಿಖೆಗೆ ಸರ್ಕಾರ ನೇಮಿಸಿದ 1956ರ ಷಾನವಾಜ್ ಸಮಿತಿ ಅದನ್ನು ಬಹುಮತದಿಂದ ಒಪ್ಪಿತು, ನೇತಾಜಿಯವರ ಅಣ್ಣ ಸುರೇಶ್‌ಚಂದ್ರ ಬೋಸರು ಭಿನ್ನಮತ ದಾಖಲಿಸಿದರು. 1974ರಲ್ಲಿ ಖೋಸ್ಲಾ ಆಯೋಗವೂ ಒಪ್ಪಿತು. ತಾವು ಆಧರಿಸಿರುವ ನ್ಯಾಯಮೂರ್ತಿ ಮುಖರ್ಜಿ ಆಯೋಗ ಅಪಘಾತದ ಸಾವನ್ನು ಒಪ್ಪಲಿಲ್ಲ, ನಿಜ; ಸರ್ಕಾರ 2006ರಲ್ಲಿ ಆ ವರದಿಯನ್ನು ತಿರಸ್ಕರಿಸಿತು. ಆಯೋಗಕ್ಕೆ ಬಲ ಕೊಟ್ಟ ಅಂಶಗಳಲ್ಲಿ ತೈವಾನಿನಲ್ಲಿ ಅಪಘಾತದ ದಾಖಲೆ ಸಿಗದಿದ್ದುದೂ ಒಂದು. ಆದರೆ ಆ ದಿನ ವಿಮಾನ, ನೆಲ, ಆಸ್ಪತ್ರೆ ಎಲ್ಲವೂ ಜಪಾನಿ ಸೇನೆಯ ಕೈಯಲ್ಲಿದ್ದವು, ಆದ್ದರಿಂದ ನಂತರ ಬಂದ ಆಡಳಿತದ ಕಪಾಟಿನಲ್ಲಿ ಕಾಗದವಿಲ್ಲ ಎನ್ನುವುದು ಅಪಘಾತವಾಗಲಿಲ್ಲ ಎನ್ನುವುದಕ್ಕೆ ಸಾಕ್ಷಿಯಾಗದು. ತಮ್ಮ ಪತ್ರ ಮೌನವಾಗಿರುವ ಇನ್ನೊಂದು ಅಂಶವೂ ಇದೆ: ಗುಮ್ನಾಮಿ ಬಾಬಾರೇ ನೇತಾಜಿ ಎನ್ನಲು ಖಚಿತ ಪುರಾವೆಯಿಲ್ಲವೆಂದು ಹೇಳಿದ್ದೂ ಇದೇ ಆಯೋಗ. ಬಾಬಾರದೆಂದು ಹೇಳಲಾದ ಹಲ್ಲುಗಳ ಡಿಎನ್‌ಎಯನ್ನು ಕೋಲ್ಕತ್ತದ ಕೇಂದ್ರೀಯ ಪ್ರಯೋಗಾಲಯ ಬೋಸ್ ಕುಟುಂಬದೊಂದಿಗೆ ಹೋಲಿಸಿದಾಗ ಅದು ತಾಳೆಯಾಗಲಿಲ್ಲ.

ಹಲ್ಲು ತಾಳೆಯಾಗದಿದ್ದಾಗ ಹಲ್ಲನ್ನೇ ಬದಲಿಸಿದರೆಂದೂ, ಕಡತ ಬಿಡುಗಡೆಯಾಗಿ ಏನೂ ಸಿಗದಿದ್ದಾಗ ಅಸಲು ಕಡತ ಸುಟ್ಟರೆಂದೂ ಹೇಳುವುದಾದರೆ, ಯಾವ ಪುರಾವೆ ಬಂದರೆ ತಾವು ಒಪ್ಪುವಿರಿ? ನನಗೂ ತಮಗೂ ಇರುವ ಭಿನ್ನಾಭಿಪ್ರಾಯ ಇದೊಂದೇ. ಅಧಿಕಾರಸ್ಥರು ಸಂಚು ಹೂಡುವುದುಂಟು. ವಾಟರ್‌ಗೇಟ್ ಹಗರಣ 1974ರಲ್ಲಿ ಅಮೆರಿಕದ ಅಧ್ಯಕ್ಷರನ್ನೇ ಕೆಳಗಿಳಿಸಿತು. ಅದನ್ನು ಹೊರತಂದದ್ದು ಧ್ವನಿಮುದ್ರಣ, ಸಾಕ್ಷಿ, ನ್ಯಾಯಾಲಯದ ಆದೇಶ; ಅವುಗಳಲ್ಲಿ ಯಾವುದಾದರೂ ಬೇರೆಯಾಗಿದ್ದರೆ ಆರೋಪ ಬಿದ್ದುಹೋಗಬಹುದಿತ್ತು. ಗಾಂಧೀಜಿಯವರೂ ನೇತಾಜಿ ಬದುಕಿದ್ದಾರೆಂದು ಮೊದಮೊದಲು ಹೇಳಿದ್ದರು. 1946ರಲ್ಲಿ, ಆಧಾರವಿಲ್ಲದ ಅಂತಃಪ್ರೇರಣೆಯನ್ನು ನಂಬಬಾರದೆಂದು ತಮ್ಮ 'ಹರಿಜನ' ಪತ್ರಿಕೆಯಲ್ಲೇ ಬರೆದು, ಆ ಮಾತನ್ನು ಮರೆತುಬಿಡುವಂತೆ ಜನರನ್ನು ಕೇಳಿಕೊಂಡರು.

ಈ ವಿವಾದಕ್ಕೆ ಬೆಲೆ ತೆರುತ್ತಿರುವವರು ಬೋಸರ ಮಗಳು. ಟೋಕಿಯೊದ ರೆಂಕೋಜಿ ದೇವಾಲಯದಲ್ಲಿ 1945ರ ಸೆಪ್ಟೆಂಬರ್‌ನಿಂದ ಇರುವ ಚಿತಾಭಸ್ಮವನ್ನು ಭಾರತಕ್ಕೆ ತರಬೇಕೆಂದೂ, ಸಂಶಯವಿದ್ದವರಿಗಾಗಿ ಅದರ ಡಿಎನ್‌ಎ ಪರೀಕ್ಷೆಯಾಗಲೆಂದೂ ಅನಿತಾ ಬೋಸ್ ಫಾಫ್ ಮತ್ತೆಮತ್ತೆ ಕೇಳಿಕೊಂಡಿದ್ದಾರೆ. ನೆಹರೂ 1957ರಲ್ಲಿ, ವಾಜಪೇಯಿ 2001ರಲ್ಲಿ ಅಲ್ಲಿಗೆ ಹೋಗಿ ನಮಿಸಿ ಬಂದರು. ಆದರೆ ಮರಣವೇ ವಿವಾದವಾಗಿರುವ ವ್ಯಕ್ತಿಯ ಭಸ್ಮವನ್ನು ಯಾವ ಸರ್ಕಾರವೂ ಅಧಿಕೃತವಾಗಿ ಬರಮಾಡಿಕೊಂಡಿಲ್ಲ. ನೇತಾಜಿಯವರನ್ನು ಅಷ್ಟು ಪ್ರೀತಿಸುವ ನಾವೇ, ನಮ್ಮ ಅನುಮಾನದ ಕಾರಣಕ್ಕೆ, ಅವರನ್ನು ಹೊರಗೇ ನಿಲ್ಲಿಸಿದ್ದೇವೆ.

ತಮ್ಮ ಪತ್ರವನ್ನು ಈ ಸಂಚಿಕೆಯಲ್ಲಿ ಪೂರ್ತಿಯಾಗಿ ಪ್ರಕಟಿಸಿದ್ದೇವೆ. ರೆಂಕೋಜಿಯ ಭಸ್ಮದ ಪರೀಕ್ಷೆ ನಡೆಯಲಿ ಎಂಬ ಒತ್ತಾಯಕ್ಕೆ ತಾವೂ ದನಿಗೂಡಿಸುವುದಾದರೆ, ಸರ್ಕಾರಕ್ಕೆ ತಾವು ಬರೆಯುವ ಮನವಿಯನ್ನೂ ಇದೇ ಪುಟದಲ್ಲಿ ಪ್ರಕಟಿಸಲು ಸಿದ್ಧನಿದ್ದೇನೆ.

– ಸಂಪಾದಕ