ಪ್ರಕರಣ ‘ಇತ್ಯರ್ಥ’ವಾದ ಮೇಲೂ ಉಳಿಯುವ ಕೆಲಸ

ಪ್ರಶ್ನೆ: ತಂದೆಯವರ ಆಸ್ತಿಯಲ್ಲಿ ಪಾಲು ಕೋರಿ ಅಣ್ಣಂದಿರಿಬ್ಬರ ಮೇಲೆ ನಾನು ಹೂಡಿದ್ದ ದಾವೆಯನ್ನು ಇ-ಕೋರ್ಟ್ಸ್ ಆ್ಯಪ್ ಈಗ ‘ಕೇಸ್ ಡಿಸ್ಪೋಸ್ಡ್’ ಎಂದು ತೋರಿಸುತ್ತಿದೆ. ಮೂರನೇ ಒಂದು ಪಾಲು ನನ್ನದೆಂದು ತೀರ್ಪಾಗಿದೆ. ಆದರೂ ಪಹಣಿಯಲ್ಲಿ ಅಣ್ಣಂದಿರ ಹೆಸರೇ ಇದೆ. ಕೇಸು ಮುಗಿಯಿತು, ಇನ್ನೇನೂ ಸಿಗುವುದಿಲ್ಲ ಎಂದು ಅವರು ಹೇಳುತ್ತಿದ್ದಾರೆ. ಇದು ನಿಜವೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನಿಜವಲ್ಲ. ‘ಡಿಸ್ಪೋಸ್ಡ್’ ಎಂದರೆ ಆ ಸಂಖ್ಯೆಯ ಕಡತ ಆ ನ್ಯಾಯಾಲಯದ ಬಾಕಿ ಪಟ್ಟಿಯಿಂದ ಹೊರಬಿದ್ದಿದೆ ಎಂದಷ್ಟೇ ಅರ್ಥ. ದಾವೆ ಡಿಕ್ರಿಯಾದರೂ (ಹಕ್ಕನ್ನು ತೀರ್ಮಾನಿಸುವ ನ್ಯಾಯಾಲಯದ ಆದೇಶ ಹೊರಟರೂ), ರಾಜಿಯಾದರೂ, ವಾದಿಯ ಗೈರುಹಾಜರಿಯಿಂದ ವಜಾ ಆದರೂ, ಬೇರೆ ನ್ಯಾಯಾಲಯಕ್ಕೆ ವರ್ಗವಾದರೂ ಕಾಣುವುದು ಅದೇ ಶಬ್ದ. ಆದ್ದರಿಂದ ಅದರ ಜೊತೆಗಿರುವ ಇತ್ಯರ್ಥದ ಸ್ವರೂಪವನ್ನು ಓದಬೇಕು, ಅದಕ್ಕಿಂತ ಮುಖ್ಯವಾಗಿ ತೀರ್ಪು ಮತ್ತು ಡಿಕ್ರಿಯ ದೃಢೀಕೃತ ನಕಲಿಗೆ ತಡಮಾಡದೆ ಅರ್ಜಿ ಹಾಕಬೇಕು.

ಪಾಲಿನ ದಾವೆಯಲ್ಲಿ ಸಾಮಾನ್ಯವಾಗಿ ಮೊದಲು ಹೊರಡುವುದು ಪ್ರಾಥಮಿಕ ಡಿಕ್ರಿ. ಯಾರಿಗೆ ಎಷ್ಟು ಪಾಲು ಎಂಬುದನ್ನು ಅದು ತೀರ್ಮಾನಿಸುತ್ತದೆಯೇ ಹೊರತು, ಯಾವ ಸರ್ವೆ ನಂಬರಿನ ಯಾವ ಭಾಗ ನಿಮ್ಮದು ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಅಂತಿಮ ಡಿಕ್ರಿ ಬೇಕು. ನಮ್ಮಲ್ಲಿ ಇದಕ್ಕಾಗಿ ಎಫ್‌ಡಿಪಿ (ಅಂತಿಮ ಡಿಕ್ರಿಯ ನಡಾವಳಿ) ಎಂಬ ಪ್ರತ್ಯೇಕ ಅರ್ಜಿ ಹಾಕುವುದು ರೂಢಿ. ನಿಮ್ಮ ದಾವೆಯ ಸಂಖ್ಯೆ ಮುಗಿದಂತೆ ಕಾಣುತ್ತಿರುವುದಕ್ಕೆ ಬಹುಶಃ ಇದೇ ಕಾರಣ. ಪ್ರಾಥಮಿಕ ಡಿಕ್ರಿಯಾದ ಕೂಡಲೇ ವಿಚಾರಣಾ ನ್ಯಾಯಾಲಯಗಳು ಪ್ರತ್ಯೇಕ ಅರ್ಜಿಗಾಗಿ ಕಾಯದೆ, ತಾವಾಗಿಯೇ ಮುಂದಿನ ಹಂತಕ್ಕೆ ಹೋಗಬೇಕೆಂದು ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ಕೇರಳದ ಪ್ರಕರಣವೊಂದರಲ್ಲಿ ನಿರ್ದೇಶಿಸಿದೆ. ಗೆದ್ದವರೇ ಮತ್ತೆ ಬಾಗಿಲು ತಟ್ಟುವ ಪಾಡು ತಪ್ಪಬೇಕೆಂಬ ಈ ಕಾಳಜಿ ತೀರ ನ್ಯಾಯವಾದದ್ದು. ಆದರೂ ನಿಮ್ಮ ವಕೀಲರ ಮೂಲಕ ಅಂತಿಮ ಡಿಕ್ರಿ ಕೋರದೆ ಸುಮ್ಮನೆ ಕೂರಬೇಡಿ.

ಅಂತಿಮ ಡಿಕ್ರಿ ಕೋರಲು ಕಾಲಮಿತಿಯಿಲ್ಲ. ಸರ್ಕಾರಕ್ಕೆ ಕಂದಾಯ ಸಲ್ಲುವ ಜಮೀನಾದರೆ ವಿಭಜನೆ ಜಿಲ್ಲಾಧಿಕಾರಿಯವರ ಮೂಲಕ, ಮನೆ-ನಿವೇಶನವಾದರೆ ಕೋರ್ಟ್ ಕಮಿಷನರ್ (ಇದಕ್ಕಾಗಿ ನ್ಯಾಯಾಲಯ ನೇಮಿಸುವ ವ್ಯಕ್ತಿ) ಮೂಲಕ ನಡೆಯುತ್ತದೆ. ಅಂತಿಮ ಡಿಕ್ರಿಯನ್ನು ಛಾಪಾ ಕಾಗದದ ಮೇಲೆ ಬರೆಸಿಕೊಂಡ ನಂತರವೇ ಸ್ವಾಧೀನ ಮತ್ತು ಪಹಣಿ ಬದಲಾವಣೆಯ ಮಾತು.

ಮೇಲ್ಮನವಿಯ ವಿಷಯ ಹಾಗಲ್ಲ, ಅದಕ್ಕೆ ಗಡುವಿದೆ: ಜಿಲ್ಲೆಯ ಮೇಲಿನ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ. ನಕಲು ಪಡೆಯಲು ಹಿಡಿದ ಕಾಲವನ್ನು ಇದರಲ್ಲಿ ಕಳೆಯಲಾಗುತ್ತದೆ. ಪಾಲಿನ ಪ್ರಮಾಣದಲ್ಲಿಯೇ ಅನ್ಯಾಯವಾಗಿದೆ ಎನಿಸಿದರೆ ಈಗಲೇ ಮೇಲ್ಮನವಿ ಸಲ್ಲಿಸಬೇಕು. ಪ್ರಾಥಮಿಕ ಡಿಕ್ರಿಯನ್ನು ಪ್ರಶ್ನಿಸದೆ ಬಿಟ್ಟವರು ಅಂತಿಮ ಡಿಕ್ರಿಯ ಮೇಲ್ಮನವಿಯಲ್ಲಿ ಅದನ್ನು ಎತ್ತುವಂತಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 97ನೇ ಕಲಂ ಹೇಳುತ್ತದೆ. ಇದು ನಿಮ್ಮ ಅಣ್ಣಂದಿರಿಗೂ ಅನ್ವಯಿಸುತ್ತದೆ.

ಪ್ರಶ್ನೆ: ವಂಚನೆಯ ಬಗ್ಗೆ ನಾನು ಕೊಟ್ಟ ದೂರಿನಲ್ಲಿ ಪೊಲೀಸರು ‘ಬಿ ರಿಪೋರ್ಟ್’ ಹಾಕಿದ್ದಾರಂತೆ. ಕೇಸು ಕ್ಲೋಸ್ ಆಯಿತೆಂದು ಠಾಣೆಯಲ್ಲಿ ಹೇಳಿದರು. ಮುಂದೇನು?
– ಮತ್ತೊಬ್ಬ ಓದುಗರು, ಮೈಸೂರು

ಉತ್ತರ: ಬಿ ರಿಪೋರ್ಟ್, ಅಂದರೆ ಆರೋಪಪಟ್ಟಿ ಸಲ್ಲಿಸದೆ ಪ್ರಕರಣ ಮುಕ್ತಾಯಗೊಳಿಸಲು ಕೋರುವ ತನಿಖಾ ವರದಿ, ಪೊಲೀಸರ ಅಭಿಪ್ರಾಯವೇ ವಿನಾ ತೀರ್ಪಲ್ಲ. ಪ್ರಕರಣ ಮುಗಿಯುವುದು ಮ್ಯಾಜಿಸ್ಟ್ರೇಟರು ಅದನ್ನು ಅಂಗೀಕರಿಸಿದಾಗ. ಹಾಗೆ ಅಂಗೀಕರಿಸುವ ಮುನ್ನ ದೂರುದಾರರಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕೆಂದು ಸುಪ್ರೀಂ ಕೋರ್ಟ್ 1985ರಲ್ಲಿಯೇ ಹೇಳಿದೆ. ನೋಟಿಸ್ ಬಂದರೆ ಆ ದಿನ ತಪ್ಪದೆ ಹಾಜರಾಗಿ, ಯಾವ ಸಾಕ್ಷಿಯನ್ನು ವಿಚಾರಿಸಿಲ್ಲ, ಯಾವ ಬ್ಯಾಂಕ್ ದಾಖಲೆಯನ್ನು ನೋಡಿಲ್ಲ ಎಂಬುದನ್ನು ಹೆಸರಿಸಿ ಲಿಖಿತ ಆಕ್ಷೇಪಣೆ ಸಲ್ಲಿಸಿ. ಮ್ಯಾಜಿಸ್ಟ್ರೇಟರು ಹೆಚ್ಚಿನ ತನಿಖೆಗೆ ಆದೇಶಿಸಬಹುದು ಅಥವಾ ವರದಿಯನ್ನು ತಿರಸ್ಕರಿಸಿ ಅಪರಾಧವನ್ನು ವಿಚಾರಣೆಗೆ ಎತ್ತಿಕೊಳ್ಳಬಹುದು. ನೋಟಿಸ್ ಬಂದೇ ಇಲ್ಲವೆಂದಾದರೆ, ಅಪರಾಧ ಸಂಖ್ಯೆ (ಎಫ್ಐಆರ್ ಸಂಖ್ಯೆ) ಹಿಡಿದು ವಕೀಲರ ಮೂಲಕ ನ್ಯಾಯಾಲಯದ ಕಚೇರಿಯಲ್ಲಿ ವರದಿ ಯಾವ ಹಂತದಲ್ಲಿದೆ ಎಂದು ವಿಚಾರಿಸಿ. ನಿಮ್ಮನ್ನು ಕೇಳದೆಯೇ ಅಂಗೀಕಾರವಾಗಿದ್ದರೆ ಆ ಆದೇಶವನ್ನು ಸೆಷನ್ಸ್ ನ್ಯಾಯಾಲಯದಲ್ಲಿ ಪ್ರಶ್ನಿಸಲು ಅವಕಾಶವಿದೆ.